ಕೆಂಪು ಚುಕ್ಕಿಯ ಕಾಲಂ

ಎರಡನೆಯ ರೊಟ್ಟಿ ಹಂಚಿನ ಮೇಲಿತ್ತು. ಮೂರನೆಯದನ್ನು ಬಡಿಯುತ್ತಿದ್ದೆ. ಕೈ ತುಂಬ ಹಿಟ್ಟು. ರೇಣು ಬಾಗಿಲ ಬಳಿ ಕೂತು ಜಡೆ ಹಾಕಿಕೊಳ್ಳುತ್ತಿದ್ದಳು. ರಿಬ್ಬನ್ನಿನ ಒಂದು ತುದಿ ಅವಳ ಹಲ್ಲಿನಲ್ಲಿತ್ತು.

ಸಪ್ನಾ ಚಪ್ಪಲಿ ಬಿಡದೆ ಒಳಗೆ ಬಂದಳು. ಅವಳು ನನ್ನ ಜೊತೆ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ, ಹಿಂದಿನ ಓಣಿಯವಳು. ಬೆಳಗಿನ ಎಂಟಕ್ಕೆ ಯಾವತ್ತೂ ಬಂದವಳಲ್ಲ.

“ಮಾಯಕ್ಕಾ, ಆ ಸ್ಯಾಂಪಲ್ ಅಳಿಸಿಲ್ಲರಿ.”

“ಯಾವ ಸ್ಯಾಂಪಲ್?”

“ನೀವು ತುಂಬಿದ್ದು. ಉಗರಗೋಳದ ಶೆಟ್ಟೆವ್ವಂದು. ನಿನ್ನೆ ನೀವು ಹ್ವಾದ ಮ್ಯಾಲೆ ಸರ್ ಕುಂತು ಸಿಡಿ ಮಾಡ್ಸಿದ್ರು. ಅದನ್ನೂ ಒಳಗ ಹಾಕ್ಯಾರ. ಇವತ್ತ ಹತ್ತಕ್ಕ ಜೀಪಿನಾಗ ಇಪ್ಪತ್ತು ಸಾಲಿಗೆ ಹೊಂಟಾವು.”

ರೊಟ್ಟಿ ಕರಕಾಯಿತು. ವಾಸನೆ ಬಂದ ಮೇಲೆ ಬರಿಗೈ ಹಾಕಿ ತೆಗೆದೆ. ಬೆರಳು ಸುಟ್ಟಿದ್ದು ಆಮೇಲೆ ಗೊತ್ತಾಯಿತು.

“ಮೊದಲ ಯಾವ ಸಾಲಿ?”

ಸಪ್ನಾ ರೇಣುವಿನ ಕಡೆ ನೋಡಿದಳು. ನಾನು ತುಂಬಿದ ಹೆಸರುಗಳನ್ನು ಅವಳು ನಿನ್ನೆಯೇ ಓದಿದ್ದಳು.

ರೇಣು ರಿಬ್ಬನ್ ಬಾಯಿಂದ ತೆಗೆದು ತಾನೇ ಹೇಳಿದಳು. “ಇವತ್ತ ನಮ್ಮ ಸಾಲ್ಯಾಗ ಕಂಪ್ಯೂಟರ್ ಚಾಲೂ ಮಾಡತಾರವ್ವಾ. ಹಣಮಂತಪ್ಪ ಮಾಸ್ತರ ಹೇಳ್ಯಾರ. ಯಾವ ಊರು ಬೇಕು, ಯಾರ ಹೆಸರು ಬೇಕು, ಹೊಡದ್ರ ಸಾಕು, ಹುಡುಕಿ ಕೊಡತೈತಂತ.”

“ಇವತ್ತ ಸಾಲಿ ಬ್ಯಾಡ.”

“ಯಾಕ?”

ಯಾಕೆ ಎಂದು ಹೇಳುವಂತಿದ್ದರೆ ಹನ್ನೆರಡು ವರ್ಷ ಸುಮ್ಮನಿರುತ್ತಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ಏನೋ ಕೇಳಲು ಬಾಯಿ ತೆರೆದಳು. ಮುಚ್ಚಿದಳು. ಅವಳಿಗೆ ಆ ರೂಢಿಯಿದೆ. ಸಾಲಿಯಿಂದ ಯಾವ ಅರ್ಜಿ ಬಂದರೂ ತಂದೆಯ ಹೆಸರು, ಊರು, ಅಜ್ಜ-ಅಜ್ಜಿ ಎಂಬ ಜಾಗಕ್ಕೆ ಬಂದಾಗ ಅವಳು ನನ್ನನ್ನು ಹೀಗೇ ನೋಡುತ್ತಾಳೆ. ನಾನು ಬರೆದು ಕೊಡುತ್ತೇನೆ. ಅವಳು ಮಡಚಿ ಚೀಲದಲ್ಲಿ ಇಡುತ್ತಾಳೆ.

ಹತ್ತಕ್ಕೆ ಜೀಪು. ಇನ್ನೂ ಎಂಟೂಕಾಲು. ಒಂಬತ್ತಕ್ಕೆ ಆಫೀಸು ಮುಟ್ಟಿದರೆ ತಡೆಯಬಹುದು ಎಂದುಕೊಂಡೆ.

“ಹೋಗು. ಡಬ್ಬಿ ಮರೀಬ್ಯಾಡ,” ಎಂದೆ.

*

ನಾನು ಉಗರಗೋಳದವಳು. ಬೈಲಹೊಂಗಲಕ್ಕೆ ಬಂದು ಹತ್ತು ವರ್ಷವಾಯಿತು. ಇಲ್ಲಿ ನನಗೆ ತಾಯಿ ಇಲ್ಲ. ಹಾಗೆಂದು ಹೇಳಿಯೇ ಈ ಖೋಲಿ ಹಿಡಿದೆ. ಮನೆ ಮಾಲಕಿ ಕೆಂಚವ್ವ ಮೊದಲ ದಿನವೇ ಕೇಳಿದ್ದಳು: “ಗಂಡ ಎಲ್ಲದಾನವಾ? ತವರುಮನಿ ಯಾವುದು?” ಗಂಡ ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದಾನೆ, ತವರಿನಲ್ಲಿ ಯಾರೂ ಉಳಿದಿಲ್ಲ ಎಂದೆ. ಗಂಡ ಪರಶು ಗೋವಾಕ್ಕೆ ಹೋದದ್ದು ನಿಜ. ನನ್ನ ತಾಯಿ ಯಾರೆಂದು ತಿಳಿದ ವಾರಕ್ಕೆ ಹೋದ. ತಿರುಗಿ ಬರಲಿಲ್ಲ. ಆಗ ರೇಣು ಹೊಟ್ಟೆಯಲ್ಲಿದ್ದಳು.

ನನ್ನ ತಾಯಿ ಶೆಟ್ಟೆವ್ವ. ಹನ್ನೊಂದು ವರ್ಷಕ್ಕೆ ಅವಳ ಕೊರಳಿಗೆ ದೇವಿಯ ಗುಡ್ಡದಲ್ಲಿ ಮುತ್ತು ಕಟ್ಟಿದರು. ಮುತ್ತು ಕಟ್ಟಿದರೆ ದೇವಿಯ ಹೆಸರಿನವಳು. ಮದುವೆಯಿಲ್ಲ. ಊರಿನ ಉಳ್ಳವರು ಬರುತ್ತಾರೆ, ಹೋಗುತ್ತಾರೆ. ಹುಟ್ಟಿದ ಮಕ್ಕಳಿಗೆ ತಂದೆಯಿಲ್ಲ. ನನಗೆ ಮುತ್ತು ಕಟ್ಟಲು ಬಂದವರನ್ನು ಅವಳು ಕುಡುಗೋಲು ಹಿಡಿದು ಓಡಿಸಿದಳು. ನನ್ನನ್ನು ಹಾಸ್ಟೆಲ್ಲಿಗೆ ಹಾಕಿದಳು. ಮಂದಿಯ ಹೊಲದಲ್ಲಿ ಕಳೆ ತೆಗೆದಳು. ಗುಡ್ಡದ ಮೆಟ್ಟಿಲಿಗೆ ತಲೆಯ ಮೇಲೆ ಕಲ್ಲು ಹೊತ್ತಳು. ಅವಳ ನಡುನೆತ್ತಿಯಲ್ಲಿ ಕೂದಲಿಲ್ಲ. ಆ ದುಡಿಮೆಯಲ್ಲಿ ನಾನು ಹತ್ತನೆಯ ತರಗತಿ ಪಾಸಾದೆ, ಟೈಪಿಂಗ್ ಕಲಿತೆ.

ಆ ತಾಯಿಯನ್ನು ನಾನು ಇಲ್ಲವೆಂದೆ.

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಉಪಾಯ ಅವಳದೇ. ತಿಂಗಳಿಗೊಮ್ಮೆ ಶೇಂಗಾದ ಬುಟ್ಟಿ ಹೊತ್ತು ಬಸ್ಸಿಗೆ ಬರುತ್ತಾಳೆ. ಓಣಿಯಲ್ಲಿ ಒಂದು ಕೂಗು ಹಾಕುತ್ತಾಳೆ. ನಮ್ಮ ಹೊಸ್ತಿಲ ಹೊರಗೆ ಬುಟ್ಟಿ ಇಳಿಸುತ್ತಾಳೆ. ಕೆಂಚವ್ವನ ಕಣ್ಣ ಮುಂದೆ ಪಾವಿನಲ್ಲಿ ಅಳೆದು ನನ್ನ ಸೆರಗಿಗೆ ಹಾಕುತ್ತಾಳೆ. “ಒಂದ್ ಹಿಡಿ ಹೆಚ್ಚಿಗಿ ಹಾಕಬೇ ಮುದುಕಿ,” ಎಂದು ಕೆಂಚವ್ವ ನನ್ನ ಪರವಾಗಿ ಜಗಳ ಮಾಡುತ್ತಾಳೆ. “ಹಾಕೇನ್ರಿ ಯವ್ವಾ, ಕೂಸಿಗಿ ಹಾಕೇನಿ,” ಎನ್ನುತ್ತಾಳೆ ನನ್ನ ತಾಯಿ. ರೇಣುವಿನ ಬೊಗಸೆ ತುಂಬುತ್ತಾಳೆ. ಬುಟ್ಟಿ ಖಾಲಿಯಾಗುವವರೆಗೆ ಅಲ್ಲೇ ಕೂತು ಒಡೆದು ಒಡೆದು ಕೊಡುತ್ತಾಳೆ, ತುಟಿಯೊಳಗೇ ಹಾಡು ಗುನುಗುತ್ತಾಳೆ. ಅಜ್ಜಿಯನ್ನು ನಮ್ಮ ಕಡೆ ಆಯಿ ಎನ್ನುತ್ತಾರೆ; ರೇಣು ಅವಳನ್ನು ಶೇಂಗಾದವ್ವ ಎನ್ನುತ್ತಾಳೆ. ನೀರು ಕೊಡುವುದಿದ್ದರೂ ನಾನು ಹೊರಗೇ ಕೊಡುತ್ತೇನೆ. ಅವಳು ಒಮ್ಮೆಯೂ ಒಳಗೆ ಬಂದಿಲ್ಲ.

*

ನಮ್ಮ ಆಫೀಸು ಒಂದು ಟ್ರಸ್ಟಿನದು. ನಾಲ್ಕು ತಾಲೂಕಿನ ಹಾಡು, ಕತೆ, ಫೋಟೋ ಕೂಡಿಸಿ ಇಂಟರ್‌ನೆಟ್ಟಿಗೆ ಹಾಕುವ ಕೆಲಸ. ಸಾಲಿಗಳಿಗೆ ಅದನ್ನೇ ಸಿಡಿಯಲ್ಲಿ ಕೊಡುವುದು. ಉಳವಪ್ಪ ಸರ್ ಅದರ ಮುಖ್ಯಸ್ಥರು. ಸಪ್ನಾಳನ್ನೂ ನನ್ನನ್ನೂ ಒಂದೇ ದಿನ, ಒಂದೇ ಕೆಲಸಕ್ಕೆ ತೆಗೆದುಕೊಂಡರು. ಅವಳು ಟೈಪ್ ಮಾಡುತ್ತಾಳೆ. ನಾನು ಟೈಪ್ ಮಾಡುತ್ತೇನೆ, ಕಸ ಹೊಡೆಯುತ್ತೇನೆ, ಪಾಯಖಾನೆ ತೊಳೆಯುತ್ತೇನೆ. “ನಿನಗ ರೂಢಿ ಇರತೈತಿ, ಆಕಿಗಿ ಇರಂಗಿಲ್ಲ,” ಎಂದಿದ್ದರು ಸರ್, ನನ್ನ ಜಾತಿಯ ದಾಖಲೆ ನೋಡಿ. ಅವಳಿಗೆ “ಸಪ್ನಾ ಅವರ”. ನನಗೆ “ಏ ಮಾಯಾ”.

ಕಂಪ್ಯೂಟರಿನೊಳಗೆ ಸಾವಿರ ಹಾಡು ತುಂಬಿದರೂ, ಮೇಲೆ ಗುರುತಿಲ್ಲದಿದ್ದರೆ ಒಂದೂ ಸಿಗುವುದಿಲ್ಲ. ಅಡತಿ ಅಂಗಡಿಯ ಕಾಳಿನ ಚೀಲದ ಹಾಗೆ. ಒಳಗೆ ಏನಿದೆ, ಯಾರದು, ಎಲ್ಲಿಂದ ಬಂತು ಎಂದು ಹೊರಗೆ ಬರೆಯಬೇಕು. ಹಾಗೆ ಪ್ರತಿ ಹಾಡಿಗೂ ಒಂದು ಚೀಟಿ, ಚೀಟಿಯಲ್ಲಿ ಕಾಲಂಗಳು. ಯಾವ ಕಾಲಂ ಇರಬೇಕು ಎಂದು ಸರ್ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡರು. ನಾನು ಚಹಾ ಇಡುತ್ತ ಹೇಳಿದೆ: “ಸರ್, ನಮ್ಮ ಮಂದಿ ಹಾಡಿನ ಹೆಸರು ಹೇಳಂಗಿಲ್ಲರಿ. ಮೊದಲನೇ ಸಾಲು ಹೇಳತಾರ. ಬೀಸೂ ಹಾಡು, ಕಳಿ ತಗಿಯೂ ಹಾಡು ಅಂತಾರ. ಯಾವ ಕೆಲಸದಾಗ ಹಾಡಿದ್ದು ಅಂತ ಒಂದು ಕಾಲಂ ಇಡ್ರಿ. ಹುಡುಕಾಕ ಸಸಾರ ಆಗತೈತಿ.” ಮರುದಿನ ಸರ್ ಬೆಳಗಾವಿಯಿಂದ ಬಂದವರಿಗೆ ಅದನ್ನೇ ತೋರಿಸಿ, ತಮಗೆ ಹೊಳೆದದ್ದು ಎಂದರು. ಬಂದವರು ತಲೆದೂಗಿದರು. ನಾನು ಕಪ್ಪು ತೊಳೆದೆ.

ಜಾತಿಯ ಕಾಲಂ ಸರ್ ಅವರದೇ. ಅದರ ಪಕ್ಕ ಕೆಂಪು ಚುಕ್ಕಿ. ಕೆಂಪು ಚುಕ್ಕಿ ಇದ್ದ ಕಾಲಂ ತುಂಬದಿದ್ದರೆ ಚೀಟಿ ಉಳಿಯುವುದಿಲ್ಲ. ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಪಟ್ಟಿಯಲ್ಲಿ ನಮ್ಮ ಕೇರಿಯ ಒಂದೊಂದು ಹೆಸರೂ ಇದೆ, ಒಳಗಿನ ಒಳಗಿನ ಹೆಸರೂ ಇದೆ. ಉಳಿದ ಎಲ್ಲರಿಗೂ ಸೇರಿ ಮೇಲೆ ಒಂದೇ ಪದ: ಸಾಮಾನ್ಯ. ಅದರ ಕೆಳಗೆ ಇನ್ನೊಂದು ಕೆಂಪು ಚುಕ್ಕಿ. ಹಾಡಿದ ಹೆಂಗಸು ಯಾರು? ಗೃಹಿಣಿ ಅಥವಾ ದೇವದಾಸಿ. ಎರಡೇ. ಕೂಲಿ ಎಂಬುದನ್ನೂ ಹಾಕಿರಿ ಎಂದೆ. “ಸಂಶೋಧನಾ ಮಾಡೂವವರು ಕೂಲಿ ಅಂತ ಹುಡುಕಂಗಿಲ್ಲ ಮಾಯಾ,” ಎಂದರು.

ಸರ್ ಅವರ ತಾಯಿಯ ಹಾಡೂ ಅದರಲ್ಲಿದೆ. ಹದಿನಾಲ್ಕನೆಯ ಚೀಟಿ. ಶ್ರೀಮತಿ ಎಂದು ಶುರುವಾಗುತ್ತದೆ. ಸಾಮಾನ್ಯ. ಗೃಹಿಣಿ. ನಾನೇ ತುಂಬಿದ್ದು.

ತಪ್ಪು ನನ್ನದು. ಅದನ್ನು ಮುಚ್ಚಿಡುವುದಿಲ್ಲ. ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಸರ್ ಹೇಳಿದರು: “ಎಲ್ಲಾ ಕಾಲಂ ಕೆಲಸ ಮಾಡತಾವೋ ಇಲ್ಲೋ ನೋಡಬೇಕು. ಏನರ ತುಂಬು. ಆಮ್ಯಾಲೆ ಅಳಿಸೋಣು.” ಏನಾದರೂ ತುಂಬಬಹುದಿತ್ತು. ಆದರೆ ಮೇಜಿನ ಮೇಲೆ ಉಗರಗೋಳದ ಕ್ಯಾಸೆಟ್ ಇತ್ತು. ಹಿಂದಿನ ವರ್ಷ ಯಾರೋ ಹೋಗಿ ನನ್ನ ತಾಯಿಯ ಹಾಡು ಹಿಡಿದು ತಂದಿದ್ದರು. ನನಗೂ ಅವಳಿಗೂ ಸಂಬಂಧವಿದೆ ಎಂದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಹಾಡನ್ನು ಒಳಗೆ ಹಾಕಿ ಚೀಟಿ ತೆರೆದೆ. ಹಾಡಿದವರು: ಶೆಟ್ಟೆವ್ವ. ಊರು: ಉಗರಗೋಳ. ಕೆಲಸ: ಕಳೆ ತೆಗೆಯುವುದು. ಕೆಂಪು ಚುಕ್ಕಿಗಳಲ್ಲಿ ಇದ್ದದ್ದನ್ನೇ ತುಂಬಿದೆ. ಸಂಬಂಧಿಕರು ಎಂಬ ಕಾಲಂ ಬಂತು. ಅದಕ್ಕೆ ಚುಕ್ಕಿಯಿರಲಿಲ್ಲ, ಬಿಡಬಹುದಿತ್ತು. ಮಗಳು: ಮಾಯವ್ವ, ಬೈಲಹೊಂಗಲ. ಮೊಮ್ಮಗಳು: ರೇಣುಕಾ.

ಬೇರೆ ಎಲ್ಲೂ ನಾನು ಅದನ್ನು ಬರೆದಿರಲಿಲ್ಲ. ಯಾವ ಅರ್ಜಿಯಲ್ಲೂ, ಯಾವ ರೇಷನ್ ಕಾರ್ಡಿನಲ್ಲೂ. ಹೇಗೂ ಅಳಿಸುತ್ತಾರೆ ಎಂದು ಬರೆದೆ. ಅಳಿಸುವ ತನಕ ಇರಲಿ ಎಂದು ಬರೆದೆ.

*

ಆಫೀಸಿಗೆ ಓಡುತ್ತ ಹೋದೆ. ಒಂಬತ್ತಕ್ಕೆ ಐದು ನಿಮಿಷ. ಅಂಗಳದಲ್ಲಿ ಜೀಪಿನ ಎಣ್ಣೆಯ ಕಲೆ ಮಾತ್ರ ಇತ್ತು. ಕಿತ್ತೂರಿನಿಂದ ರಾಮದುರ್ಗದ ತನಕ ತಿರುಗಬೇಕೆಂದು ಡ್ರೈವರ್ ಎಂಟೂವರೆಗೇ ಹೊರಟಿದ್ದ.

ಸರ್ ಪೇಪರ್ ಓದುತ್ತಿದ್ದರು.

“ಸರ್, ಆ ಶೆಟ್ಟೆವ್ವನ ಚೀಟಿ ತಗೀರಿ. ಅದು ಟೆಸ್ಟಿಂಗ್‌ದು.”

“ಅದನ್ಯಾಕ ತಗೀಬೇಕು? ಮುನ್ನೂರು ಚೀಟ್ಯಾಗ ಎಲ್ಲಾ ಕಾಲಂ ತುಂಬಿದ್ದು ಅದೊಂದ ಐತಿ. ಮಾದರಿ ಅಂತ ಇಟ್ಟೇನಿ. ಮಾಸ್ತರಗೋಳಿಗೆ ತಿಳೀಬೇಕಲ್ಲ, ಹೆಂಗ ತುಂಬೂದು ಅಂತ.”

“ಅದರಾಗ ಹುಡುಗರ ಹೆಸರು ಅದಾವರಿ.”

“ಇರಲಿ. ಯಾರ ಹುಡುಗರು?”

ಸರ್ ಕಂಪ್ಯೂಟರ್ ಕಡೆ ತಿರುಗಿ ಆ ಚೀಟಿ ತೆರೆದರು. ಕನ್ನಡಕ ಏರಿಸಿ ಓದಿದರು. ಮಾಯವ್ವ, ಬೈಲಹೊಂಗಲ. ಎರಡು ಸಲ ಓದಿದರು. ಆಮೇಲೆ ನನ್ನನ್ನು ನೋಡಿದರು. ಮುಖ ನೋಡಲಿಲ್ಲ. ಕಾಲಿನಿಂದ ಶುರು ಮಾಡಿದರು. ಮೂರು ವರ್ಷ ನಾನು ಅವರ ಮುಂದೆ ಕಸ ಹೊಡೆದಿದ್ದೇನೆ. ಆ ನೋಟ ಮೊದಲು ಇರಲಿಲ್ಲ. ನಾನು ಸೆರಗು ಎಳೆದುಕೊಂಡೆ.

“ಗುಡ್ಡದಾಕಿ ಮಗಳೇನು ನೀನು!” ಅವರು ನಕ್ಕರು. “ಮೊದಲ ಹೇಳಬಾರದ? ಚೊಲೋನ ಆತು. ನಿಂದೂ ಒಂದು ಸಂದರ್ಶನ ಹಾಕಿಬಿಡೋಣು.”

ಸಪ್ನಾ ತಲೆ ಕೆಳಗೆ ಹಾಕಿದಳು.

“ಸರ್, ಅದರಾಗಿಂದ ಆ ಎರಡು ಕೆಂಪು ಚುಕ್ಕಿ ಕಾಲಂ ತಗೀರಿ. ಕಾಲು ಬೀಳತೇನಿ. ನನ್ನ ಮಗಳು ಅದ ಸಾಲ್ಯಾಗದಾಳ.”

“ಕೆಂಪು ಚುಕ್ಕಿ ಖಾಲಿ ಬಿಟ್ರ ಚೀಟಿ ಉಳಿಯಂಗಿಲ್ಲ. ನಿನಗ ಗೊತ್ತೈತಲ್ಲ. ಸಿಡಿ ಹ್ವಾದವು, ಅವಕ್ಕ ನಾ ಏನೂ ಮಾಡಾಕ ಬರಂಗಿಲ್ಲ. ಇಂಟರ್‌ನೆಟ್ಟಿನಾಗ ಹಾಕಿದ್ದು ತಿದ್ದಾಕ ಬರಂಗಿಲ್ಲ, ಬೇಕಾದ್ರ ಇಡೀ ಚೀಟಿನ ಅಳಿಸು. ಹಾಡೂ ಹೊಕ್ಕೈತಿ ಮತ್ತ. ಕ್ಯಾಸೆಟ್ಟಿನ ಮ್ಯಾಲೆ ಬ್ಯಾರೆ ಹಾಡು ತುಂಬೇವಿ.”

ನಾನು ನನ್ನ ಕುರ್ಚಿಯಲ್ಲಿ ಕೂತೆ. ಚೀಟಿ ತೆರೆದೆ. ಅಳಿಸು ಎಂಬಲ್ಲಿ ಒತ್ತಿದೆ. ಪರದೆಯ ಮೇಲೆ ಪ್ರಶ್ನೆ ಬಂತು: ಈ ದಾಖಲೆಯನ್ನು ಅಳಿಸಬೇಕೆ? ಹೌದು. ಇಲ್ಲ.

ಹೌದು ಎಂದರೆ ಒಂದು ಕ್ಷಣದ ಕೆಲಸ. ನಾಳೆ ಇಂಟರ್‌ನೆಟ್ಟಿನಲ್ಲಿ ಯಾರು ಹುಡುಕಿದರೂ ಸಿಗುವುದಿಲ್ಲ. ನನ್ನ ಮಗಳ ಹೆಸರು ಹೋಗುತ್ತದೆ, ನನ್ನ ಹೆಸರು ಹೋಗುತ್ತದೆ. ನನ್ನ ತಾಯಿಗೆ ಈಗ ಗಂಟಲು ಬಿದ್ದಿದೆ. ಏರುದನಿಯಲ್ಲಿ ಹಾಡುವ ಶಕ್ತಿ ಅವಳಲ್ಲಿ ಉಳಿದಿಲ್ಲ. ಸಾಲಿಯ ಸಿಡಿಗಳು ಗೀಚಿ ಹೋದ ಮೇಲೆ ಆ ದನಿ ಉಳಿಯುವುದು ಇದೊಂದು ಕಡೆ. ನಾನು ಅವಳ ಮಗಳೆಂದು ಬರೆದದ್ದೂ ಇದೊಂದೇ ಕಡೆ.

ಬೆರಳಿನ ಬೊಕ್ಕೆ ಉರಿಯುತ್ತಿತ್ತು. ನಾನು ಇಲ್ಲ ಎಂದು ಒತ್ತಿದೆ.

ಎದ್ದು ನಿಂತೆ. “ಸರ್, ನಾ ಇನ್ನ ಆ ಕಾಲಂ ತುಂಬಂಗಿಲ್ಲರಿ.”

“ಏನಂದಿ?”

“ಜಾತಿ ಕಾಲಂ ತುಂಬಂಗಿಲ್ಲ. ಯಾರದೂ ತುಂಬಂಗಿಲ್ಲ. ಇಡೂದಿದ್ರ ಮೊದಲ ನಿಮ್ಮವ್ವಾರದು ಬರೀರಿ. ಒಳಗಿನ ಒಳಗಿನ ಹೆಸರು ಬರೀರಿ. ನನ್ನ ಅವ್ವನ ಕಡೆ ಬಂದು ಹೋದವರ ಹೆಸರಿಗೂ ಒಂದು ಕಾಲಂ ಮಾಡ್ರಿ. ಅದಕ್ಕೂ ಕೆಂಪು ಚುಕ್ಕಿ ಇಡ್ರಿ. ಆಗ ತುಂಬತೇನಿ. ಎಲ್ಲಾರ ಹೆಸರೂ ನನ್ನ ಅವ್ವಗ ಬಾಯಿಪಾಠ ಅದಾವು.”

ಸರ್ ಅವರ ಮುಖ ಕಪ್ಪಾಯಿತು. “ಹೊರಗ ನಡಿ,” ಎಂದರು. “ನಾಳೆ ಬರಬ್ಯಾಡ.”

“ಪಾಯಖಾನಿ ಇವತ್ತ ತೊಳದಿಲ್ಲರಿ,” ಎಂದೆ. “ಹೇಳಿ ಹೋಗೂಣು ಅಂತ.”

ಧೈರ್ಯದ ಮಾತಿನ ಹಾಗೆ ಕೇಳಿಸಬಹುದು. ಮೆಟ್ಟಿಲನ್ನು ಗೋಡೆ ಹಿಡಿದು ಇಳಿದೆ. ಈ ಕಥೆಯಲ್ಲಿ ಆ ಜಾತಿಯ ಹೆಸರನ್ನು ನಾನು ಬರೆದಿಲ್ಲ. ಬರೆಯುವುದೂ ಇಲ್ಲ.

*

ಸಾಲಿ ಒಂದೂವರೆ ಮೈಲು. ಬಜಾರಿನಲ್ಲಿ ಹತ್ತಿಯ ಗಾಡಿಗಳು ಅಡ್ಡ ನಿಂತಿದ್ದವು. ನಡುವೆ ನುಗ್ಗಿ ಓಡಿದೆ. ಚಪ್ಪಲಿಯ ಉಂಗುಟ ಹರಿಯಿತು. ಕೈಯಲ್ಲಿ ಹಿಡಿದು ಓಡಿದೆ. ಯಾರೋ “ಏನಾತವಾ?” ಎಂದರು. ತಿರುಗಿ ನೋಡಲಿಲ್ಲ. ಕೆಂಚವ್ವನ ಮೊಮ್ಮಗಳು ಶೀತಲ ರೇಣುವಿನ ತರಗತಿಯವಳೇ. ಸಂಜೆಯ ಹೊತ್ತಿಗೆ ಓಣಿಗೆಲ್ಲ ಗೊತ್ತಾಗುತ್ತದೆ. ನಾಳೆ ಖೋಲಿ ಬಿಡಬೇಕು. ಇನ್ನೊಂದು ಊರು. ಅಲ್ಲೂ ಕಂಪ್ಯೂಟರ್ ಇರುತ್ತದೆ. ಯಾವ ಊರಿಗೆ ಹೋಗಲಿ? ಮೊದಲು ಊರು ಬಿಟ್ಟರೆ ಹೆಸರು ಹಿಂದೆ ಉಳಿಯುತ್ತಿತ್ತು. ಈಗ ಹೆಸರು ನಮಗಿಂತ ಮುಂಚೆ ಹೋಗಿ ಕಾಯುತ್ತದೆ.

ಸಾಲಿಯ ಹಿಂದಿನ ಕಿಟಕಿಯ ಬಳಿ ನಿಂತೆ. ಮಕ್ಕಳೆಲ್ಲ ಒಂದೇ ಕಂಪ್ಯೂಟರಿಗೆ ಮುಗಿಬಿದ್ದಿದ್ದರು. ಹಣಮಂತಪ್ಪ ಮಾಸ್ತರರ ದನಿ ಕೇಳಿಸಿತು. “ತಮ್ಮ ತಮ್ಮ ಹೆಸರು ಹೊಡೀರಿ ನೋಡೂಣು.”

ಶೀತಲ ತನ್ನದು ಹೊಡೆದಳು. “ಏನೂ ಸಿಗಲಿಲ್ಲರಿ ಸರ್.”

“ನೀ ಇನ್ನೂ ದೊಡ್ಡ ಹೆಸರು ಮಾಡಿಲ್ಲವಾ, ಅದಕ್ಕ. ರೇಣುಕಾ, ನೀ ಬಾ.”

ಕೂಗಬೇಕೆಂದೆ. ಕೂಗಿದರೆ ಎಲ್ಲರೂ ತಿರುಗಿ ಕೇಳುತ್ತಾರೆ. ಕಿಟಕಿಯ ಸರಳು ಹಿಡಿದುಕೊಂಡೆ. ನನ್ನ ಮಗಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು.

“ಸಿಕ್ತು! ಒಂದು ಸಿಕ್ತು ಸರ್!”

ಮಕ್ಕಳು ಚಪ್ಪಾಳೆ ಹೊಡೆದರು. ಎಲ್ಲರೂ. ರೇಣು ನಗುತ್ತಿದ್ದಳು. ಶೀತಲ ಗಟ್ಟಿಯಾಗಿ ಓದತೊಡಗಿದಳು. “ಹಾಡಿದವರು, ಶೆಟ್ಟೆವ್ವ. ಊರು, ಉಗರಗೋಳ. ಜಾತಿ...”

ಅವಳು ಅದನ್ನೂ ಓದಿದಳು. ಅದರ ಕೆಳಗಿನದನ್ನೂ ಓದಿದಳು. ಅವಳಿಗೆ ಅದರ ಅರ್ಥ ಗೊತ್ತಿರಲಿಲ್ಲವೇನೋ. ಹಿಂದೆ ನಿಂತ ಇಬ್ಬರಿಗೆ ಗೊತ್ತಿತ್ತು. ಅವರು ಒಬ್ಬರನ್ನೊಬ್ಬರು ತಿವಿದರು. “ಮಗಳು, ಮಾಯವ್ವ, ಬೈಲಹೊಂಗಲ. ಮೊಮ್ಮಗಳು, ರೇಣುಕಾ. ಏ, ನಿಮ್ಮವ್ವನ ಹೆಸರೂ ಐತಿ ನೋಡ!”

ಚಪ್ಪಾಳೆ ನಿಂತಿತು. ಮಾಸ್ತರರು ಮುಂದೆ ಬಂದು ಅಂಗೈಯಿಂದ ಪರದೆ ಮುಚ್ಚಿದರು. ಅಂಗೈ ಸಣ್ಣದು, ಪರದೆ ದೊಡ್ಡದು. ಇನ್ನೊಂದು ಕೈಯಿಂದ ಬಂದ್ ಮಾಡಲು ಗಡಿಬಿಡಿಯಲ್ಲಿ ಏನನ್ನೋ ಒತ್ತಿದರು. ಹಾಡು ಶುರುವಾಯಿತು.

ನನ್ನ ತಾಯಿಯ ದನಿ. ಹೊಲದ ಬದುವಿನ ಮೇಲಿಂದ ಬಂದ ಹಾಗೆ.

“ಕಲ್ಲೊಗದು ಹ್ವಾದವನ ಕೈ ತೊಯ್ಯಲಿಲ್ಲವ್ವಾ
ಕೆರಿ ತುಂಬ ಸುಳಿ ಎದ್ದಾವ...”

ರೇಣುವಿನ ನಗು ಹೋಯಿತು. ಅವಳು ತಲೆಯನ್ನು ಒಂದು ಕಡೆ ವಾಲಿಸಿ ಕೇಳುತ್ತಿದ್ದಳು. ಹೊಸ್ತಿಲ ಬಳಿ ಬೊಗಸೆ ಹಿಡಿದು ಕೂತಾಗ ಈ ಹಾಡನ್ನು ಹಾಗೇ ಕೇಳುತ್ತಾಳೆ. ಆಮೇಲೆ ತಿರುಗಿ ಕಿಟಕಿಯಲ್ಲಿ ನನ್ನನ್ನು ನೋಡಿದಳು.

*

ಮಾಸ್ತರರು ಅವಳನ್ನು ಮನೆಗೆ ಕಳಿಸಿಕೊಟ್ಟರು. ನನ್ನ ಕಣ್ಣಿಗೆ ಕಣ್ಣು ಕೊಡದೆ, “ನನಗ ಗೊತ್ತಿರಲಿಲ್ಲರಿ ತಂಗೆವ್ವಾ,” ಎಂದರು.

ದಾರಿಯುದ್ದಕ್ಕೂ ರೇಣು ನನಗಿಂತ ಒಂದು ಹೆಜ್ಜೆ ಹಿಂದೆ ನಡೆದಳು. ಕೈ ಹಿಡಿಯಲು ಹೋದೆ. ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಅವಳ ಕೈ ತಣ್ಣಗಿತ್ತು. ಅವಳು ಏನು ಕೇಳಬಹುದು ಎಂದು ನಾನು ಒಳಗೇ ಎಣಿಸುತ್ತಿದ್ದೆ. ಆ ಶಬ್ದದ ಅರ್ಥ ಕೇಳುತ್ತಾಳೆ. ನನ್ನ ಅಪ್ಪ ಯಾಕೆ ಬರಲಿಲ್ಲ ಎಂದು ಕೇಳುತ್ತಾಳೆ. ನಿನ್ನ ಅಪ್ಪ ಯಾರು ಎಂದು ಕೇಳುತ್ತಾಳೆ. ಒಂದೊಂದಕ್ಕೂ ಉತ್ತರ ಕಟ್ಟಿದೆ. ಒಂದೂ ನಿಲ್ಲಲಿಲ್ಲ.

ಓಣಿಗೆ ಬಂದೆವು. ಕೆಂಚವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. “ಯಾಕವಾ, ಇಷ್ಟ ಲಗೂ?” ಎಂದಳು. ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಸಂಜೆಯ ತನಕ ಸಮಯವಿತ್ತು.

ನಾನು ಕೀಲಿ ತೆಗೆದೆ. ಬೆಳಗಿನ ಕರಕು ರೊಟ್ಟಿಯ ವಾಸನೆ ಇನ್ನೂ ಒಳಗಿತ್ತು. ರೇಣು ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ, ಬುಟ್ಟಿ ಇಳಿಯುವ ಜಾಗದಲ್ಲಿ ನಿಂತಳು. ಕಲ್ಲಿನ ಸಂದಿಯಲ್ಲಿ ಹೋದ ತಿಂಗಳ ಶೇಂಗಾದ ಸಿಪ್ಪೆ ಸಿಕ್ಕಿಕೊಂಡಿತ್ತು. ಅವಳು ಅದನ್ನೇ ನೋಡಿದಳು. ಅಲ್ಲೇ ಕೂತಳು, ಮುದುಕಿ ಕೂಡುವ ಹಾಗೆ, ಮೊಣಕಾಲು ತಬ್ಬಿ.

“ಒಳಗ ಬಾ,” ಎಂದೆ.

ಅವಳು ತಲೆಯೆತ್ತಿದಳು. ಬಾಯಿ ತೆರೆದಳು. ಈ ಸಲ ಮುಚ್ಚಲಿಲ್ಲ. ಕೆಂಚವ್ವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದಳು.

“ಅವ್ವಾ, ಶೇಂಗಾದವ್ವ ನನ್ನ ಆಯಿ ಇದ್ರ, ಆಕಿನ್ನ ಇಷ್ಟ ವರ್ಷ ಇಲ್ಲೆ ಹೊರಗ ಯಾಕ ಕುಂದರಿಸಿದಿ?”